ಅಸಿಟ್ರಾಮ್ ತೆಗೆದುಕೊಳ್ಳುವವರು ವಿಟಮಿನ್ ಮಾತ್ರೆ ಶುರು ಮಾಡುವ ಮುಂಚೆ

ಹೃದಯದ ಕವಾಟ ಬದಲಿಸಿಕೊಂಡವರ ಮನೆಯಲ್ಲಿ ಸಾಮಾನ್ಯವಾಗಿ ಮಾತ್ರೆ ಡಬ್ಬಿ ಎರಡು ಇರುತ್ತವೆ. ಒಂದರಲ್ಲಿ ಡಾಕ್ಟರ್ ಬರೆದುಕೊಟ್ಟದ್ದು. ಇನ್ನೊಂದರಲ್ಲಿ ನಾವಾಗಿಯೇ ತಂದಿಟ್ಟುಕೊಂಡದ್ದು: ಮಂಡಿನೋವಿಗೆ ಕ್ಯಾಲ್ಸಿಯಂ, ಕಾಲು ಸೆಳೆತಕ್ಕೆ ಹಸಿರು ಬಣ್ಣದ ಎವಿಯಾನ್ (ವಿಟಮಿನ್ ಇ), ಸುಸ್ತಿಗೆ ಬಿ ಕಾಂಪ್ಲೆಕ್ಸ್, ಅಮೆರಿಕದಿಂದ ಮಗ ತಂದ ದೊಡ್ಡ ಬಾಟಲಿ ಮಲ್ಟಿವಿಟಮಿನ್. ಮೊದಲನೇ ಡಬ್ಬಿಯ ಲೆಕ್ಕ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಎರಡನೆಯದರ ಬಗ್ಗೆ ಡಾಕ್ಟರ್ ಮುಂದೆ ಬಾಯಿ ಬಿಡುವವರು ಕಡಿಮೆ. "ಅದೇನು ಔಷಧೀನಾ, ಬರೀ ವಿಟಮಿನ್ ಅಲ್ವಾ" ಅನ್ನುವ ಧೈರ್ಯ.

ಈ ಲೇಖನ ಆ ಎರಡನೇ ಡಬ್ಬಿಯ ಬಗ್ಗೆ. ರಕ್ತ ಹೆಪ್ಪುಗಟ್ಟದಂತೆ ಅಸಿಟ್ರಾಮ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವಿಟಮಿನ್ ಮುಟ್ಟಲೇಬಾರದು ಅಂತೇನೂ ಇಲ್ಲ. ಎಷ್ಟೋ ಜನರಿಗೆ ಅದು ನಿಜವಾಗಿಯೂ ಬೇಕಾಗಿರುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಹೇಳದೆ ಕೇಳದೆ ಶುರು ಮಾಡಿದಾಗ. ಹೇಳದೆ ಕೇಳದೆ ನಿಲ್ಲಿಸಿದಾಗಲೂ ಅಷ್ಟೇ. ಇದನ್ನು ಜನ ಮರೆಯುವುದೇ ಜಾಸ್ತಿ.

ಮೊದಲ ಹೆಜ್ಜೆ: ನಿಮ್ಮದು ಯಾವ ಮಾತ್ರೆ?

"ರಕ್ತ ತೆಳು ಮಾಡೋ ಮಾತ್ರೆ" ಅಂತ ನಾವು ಒಟ್ಟಿಗೆ ಕರೆಯುವುದರಲ್ಲಿ ಮೂರು ಬೇರೆ ಬೇರೆ ಗುಂಪುಗಳಿವೆ. ವಿಟಮಿನ್ ಜೊತೆ ಮೂರರ ವ್ಯವಹಾರವೂ ಬೇರೆ.

ಒಂದು, ಅಸಿನೋಕೂಮರಾಲ್ ಮತ್ತು ವಾರ್ಫರಿನ್. ಅಸಿನೋಕೂಮರಾಲ್‌ನ ಬ್ರ್ಯಾಂಡ್ ಹೆಸರೇ ಅಸಿಟ್ರಾಮ್, ನಮ್ಮ ಕಡೆ ಹಾಗೆಂದರೆ ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಜಯದೇವದಂಥ ಆಸ್ಪತ್ರೆಯಲ್ಲಿ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇದು ಜೀವನಪೂರ್ತಿ. ಐಎನ್‌ಆರ್ ಪರೀಕ್ಷೆ ಮಾಡಿಸುತ್ತಾ ಇರಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಅಂಕಿ ಅದು: ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪುಗಟ್ಟುವ ಭಯ. ನಿಮಗೆ ಆ ಪರೀಕ್ಷೆ ಬರೆದುಕೊಡುತ್ತಿದ್ದಾರೆ ಅಂದರೆ ಬಹುಶಃ ನೀವು ಈ ಗುಂಪಿನವರೇ.

ಎರಡು, ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. ಇವು ಈಚಿನವು. ಹೃದಯದ ಬಡಿತ ಏರುಪೇರಾದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಕೊಡುತ್ತಾರೆ. ಲೋಹದ ಕವಾಟ ಇರುವವರಿಗೆ ಇವು ಆಗುವುದಿಲ್ಲ.

ಮೂರು, ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್ನೇ. ಸ್ಟೆಂಟ್ ಹಾಕಿಸಿಕೊಂಡವರು, ಹಾರ್ಟ್ ಅಟ್ಯಾಕ್ ಆದವರು ತೆಗೆದುಕೊಳ್ಳುವುದು ಹೆಚ್ಚಾಗಿ ಇವನ್ನೇ.

ವಿಟಮಿನ್ ಕೆ ಗಲಾಟೆ ಮೊದಲ ಗುಂಪಿನವರಿಗೆ ಮಾತ್ರ. ಉಳಿದ ಎರಡು ಗುಂಪಿನವರು ಸೊಪ್ಪನ್ನೂ ಕೆ ಇರುವ ಮಾತ್ರೆಯನ್ನೂ ನೋಡಿ ಹೆದರಬೇಕಿಲ್ಲ. ಆದರೆ ವಿಟಮಿನ್ ಇ, ಮೀನೆಣ್ಣೆ, ಅರಿಶಿನದ ಕ್ಯಾಪ್ಸುಲ್‌ನಂಥವುಗಳ ವಿಷಯದಲ್ಲಿ ಅವರೂ ಎಚ್ಚರವಾಗಿರಬೇಕು. ಎರಡನೇ ಗುಂಪಿನವರಿಗೆ ಇನ್ನೊಂದು ಮಾತು. ನಿಮ್ಮ ಮಾತ್ರೆಯ ಪರಿಣಾಮ ಮಾಮೂಲಿ ಐಎನ್‌ಆರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಏನಾದರೂ ಎಡವಟ್ಟಾಗುತ್ತಿದ್ದರೆ ಆ ಪರೀಕ್ಷೆ ನಿಮ್ಮನ್ನು ಎಚ್ಚರಿಸುವುದಿಲ್ಲ.

ಎರಡನೇ ಹೆಜ್ಜೆ: ಮಾತ್ರೆ ಶೀಟಿನ ಹಿಂಬದಿ ಓದಿ

ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಮುಖ್ಯವಾದ ಭಾಗ ಇದೇ. ಸ್ವಲ್ಪ ನಿಧಾನವಾಗಿ ಓದಿ.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ನಮ್ಮ ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಒಮ್ಮೆ ಬಳಸಿದ ಕೆಯನ್ನು ದೇಹ ಮತ್ತೆ ಸರಿಮಾಡಿಕೊಂಡು ಬಳಸುತ್ತದೆ. ಅಸಿಟ್ರಾಮ್ ಆ ಮರುಬಳಕೆಗೆ ಅಡ್ಡ ನಿಲ್ಲುತ್ತದೆ, ವಾರ್ಫರಿನ್ ಮಾಡುವುದೂ ಅದನ್ನೇ. ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಔಷಧಿಯಾಗಿ ಕೊಡಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಯಾರಿಗಾದರೂ ಐಎನ್‌ಆರ್ ತೀರಾ ಏರಿ ರಕ್ತಸ್ರಾವವಾದರೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ವಿಟಮಿನ್ ಕೆ. ಅಂದರೆ ಕೆ ಇರುವ ಮಾತ್ರೆಯನ್ನು ಗೊತ್ತಿಲ್ಲದೆ ದಿನಾ ನುಂಗುವವರು ಬೆಳಿಗ್ಗೆ ಮದ್ದು, ರಾತ್ರಿ ಅಸಿಟ್ರಾಮ್ ತೆಗೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಐಎನ್‌ಆರ್ ಇಳಿಯುತ್ತದೆ. ಲೋಹದ ಕವಾಟದ ಮೇಲೆ ಹೆಪ್ಪು ಕೂರಲು ಅವಕಾಶವಾಗುತ್ತದೆ.

ಇನ್ನು ಕೆ ಎಲ್ಲೆಲ್ಲಿ ಅಡಗಿರುತ್ತದೆ ನೋಡಿ. ಔಷಧಿ ಅಂಗಡಿಯಲ್ಲಿ "ಕ್ಯಾಲ್ಸಿಯಂ ಕೊಡಿ" ಅಂದರೆ ಅವರ ಹತ್ತಿರ ಯಾವುದಿದೆಯೋ ಅದನ್ನು ಕೊಡುತ್ತಾರೆ. ಶೀಟು ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರ. ಮೊದಲ ಸಾಲಿನಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ 1250 ಮಿಲಿಗ್ರಾಂ, ಅಂದರೆ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. ಆಮೇಲೆ ವಿಟಮಿನ್ ಡಿ3. ಆಮೇಲೆ ಮೀಥೈಲ್‌ಕೋಬಾಲಮಿನ್, ಅದು ಬಿ12. ಕೆಲವು ಶೀಟುಗಳಲ್ಲಿ ಕೆಳಗಿನ ಸಾಲಿನಲ್ಲಿ, ಮಡಚಿದ ಅಂಚಿನ ಹತ್ತಿರ, "ವಿಟಮಿನ್ ಕೆ2-7, 45 ಮೈಕ್ರೋಗ್ರಾಂ" ಅಂತ ಇರುತ್ತದೆ. ಮೂಳೆಗೆ ಒಳ್ಳೆಯದು ಅಂತ ಸೇರಿಸಿರುತ್ತಾರೆ. ನಿಮ್ಮ ಐಎನ್‌ಆರ್ ಕೆಡಿಸಲು ಆ ಒಂದು ಸಾಲು ಸಾಕು.

ಈ ಕೆ2-7 ಸೊಪ್ಪಿನಲ್ಲಿರುವ ಕೆ1ಕ್ಕಿಂತ ಹಟಮಾರಿ. ಕೆ1 ರಕ್ತದಿಂದ ಕೆಲವೇ ಗಂಟೆಗಳಲ್ಲಿ ಖಾಲಿಯಾಗುತ್ತದೆ. ಕೆ2-7 ದಿನಗಟ್ಟಲೆ ಉಳಿಯುತ್ತದೆ, ದಿನಾ ತೆಗೆದುಕೊಂಡರೆ ಸೇರುತ್ತಾ ಹೋಗುತ್ತದೆ. ದಿನಕ್ಕೆ 10 ಮೈಕ್ರೋಗ್ರಾಂನಷ್ಟು ಸಣ್ಣ ಪ್ರಮಾಣವೂ ಕೆಲವರಲ್ಲಿ ಪರಿಣಾಮ ತೋರಿಸಿದ್ದು ಅಧ್ಯಯನದಲ್ಲಿ ಕಂಡಿದೆ. ಅದಕ್ಕೇ "ಸ್ವಲ್ಪ ತಾನೇ" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಹುಡುಕಬೇಕಾದ ಹೆಸರುಗಳು ಇವು: ವಿಟಮಿನ್ ಕೆ1, ಫೈಟೋಮೆನಾಡಿಯೋನ್, ಫಿಲ್ಲೋಕ್ವಿನೋನ್, ವಿಟಮಿನ್ ಕೆ2, ಕೆ2-7, ಎಂಕೆ-7, ಮೆನಾಕ್ವಿನೋನ್. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಆ ಫೋಟೋ ಡಾಕ್ಟರಿಗೆ ತೋರಿಸಲೂ ಆಗುತ್ತದೆ.

ಅಂಗಡಿಯಲ್ಲಿ ಕೇಳುವಾಗ ಹೀಗೆ ಕೇಳಿ: "ಅಣ್ಣಾ, ನಾನು ಅಸಿಟ್ರಾಮ್ ತಗೋತೀನಿ. ಇದರಲ್ಲಿ ವಿಟಮಿನ್ ಕೆ ಇದೆಯಾ, ಹಿಂದೆ ಓದಿ ಹೇಳಿ." "ಬರೀ ಕ್ಯಾಲ್ಸಿಯಂ ಅಮ್ಮಾ, ಏನೂ ಆಗಲ್ಲ" ಅಂತ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಸಂಕೋಚ ಬೇಡ. ಹಾಗೇ, ಒಂದೇ ಹೆಸರಿನ ಮುಂದೆ ಪ್ಲಸ್, ಫೋರ್ಟೆ, ಮ್ಯಾಕ್ಸ್, ಎಚ್‌ಡಿ ಅಂತ ಬಾಲ ಬದಲಾದರೆ ಒಳಗಿನ ಸರಕೂ ಬದಲಾಗಿರಬಹುದು. "ಅದೇ ಕಂಪನಿ, ಇದು ಇನ್ನೂ ಒಳ್ಳೇದು" ಅಂತ ಕೊಟ್ಟರೆ ಮತ್ತೆ ಹಿಂಬದಿ ಓದಿ.

ಅಮೆರಿಕದ ಬಾಟಲಿಗಳ ವಿಷಯ ಸ್ವಲ್ಪ ಬೇರೆ. ಅಲ್ಲಿನ ಲೇಬಲ್‌ನಲ್ಲಿ ಪ್ರತಿ ವಿಟಮಿನ್ ಎದುರು ಶೇಕಡಾ ಲೆಕ್ಕ ಕೊಟ್ಟಿರುತ್ತಾರೆ. ವಿಟಮಿನ್ ಕೆಗೆ ನೂರಕ್ಕೆ ನೂರು ಅಂದರೆ 120 ಮೈಕ್ರೋಗ್ರಾಂ. ಶೇಕಡಾ 25 ಅಂತ ಇದ್ದರೆ 30 ಮೈಕ್ರೋಗ್ರಾಂ ಅಂತ ಲೆಕ್ಕ ಹಾಕಿಕೊಳ್ಳಿ. ಮೊದಲೇ ಸೊಪ್ಪು ತರಕಾರಿ ಕಡಿಮೆ ತಿನ್ನುವ ವಯಸ್ಸಾದವರಲ್ಲಿ ಇಷ್ಟು ಪ್ರಮಾಣವೂ ಐಎನ್‌ಆರ್ ಇಳಿಸಬಹುದು. ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ವಿನಂತಿ. ಅಪ್ಪ ಅಮ್ಮನಿಗೆ ಬಾಟಲಿ ತರುವ ಮುಂಚೆ ಅವರ ಔಷಧಿ ಚೀಟಿಯ ಫೋಟೋ ತರಿಸಿಕೊಂಡು ನೋಡಿ.

ಹಾಲಿನಲ್ಲಿ ಕಲಸಿ ಕುಡಿಯುವ ಪೌಷ್ಟಿಕ ಪುಡಿಗಳಲ್ಲೂ ಕೆ ಇರುತ್ತದೆ. ಆಪರೇಷನ್ ಆದವರನ್ನು ನೋಡಲು ಬರುವವರು ಹಣ್ಣಿನ ಜೊತೆ ತರುವುದು ಈಗ ಅದನ್ನೇ ಅಲ್ವಾ.

ಮೂರನೇ ಹೆಜ್ಜೆ: ಒಂದೊಂದೇ ವಿಟಮಿನ್ ನೋಡೋಣ

ಬಿ ಕಾಂಪ್ಲೆಕ್ಸ್, ಫೋಲಿಕ್ ಆಸಿಡ್, ಬಿ12 ಮಾತ್ರೆ: ಮಾಮೂಲಿ ಪ್ರಮಾಣದಲ್ಲಿ ಚಿಂತೆಯಿಲ್ಲ. ಬಿ12 ಅಂತೂ ನಮ್ಮಲ್ಲಿ ಸಸ್ಯಾಹಾರಿಗಳಿಗೆ ಕಡಿಮೆ ಇರುವುದು ಸಾಮಾನ್ಯ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ಅಥವಾ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಹೃದ್ರೋಗಿಗಳಲ್ಲಿ ಇವೆರಡನ್ನೂ ತೆಗೆದುಕೊಳ್ಳುವವರು ಎಷ್ಟೋ ಜನ. ಹಾಗಾಗಿ ಪರೀಕ್ಷೆಯಲ್ಲಿ ಕಡಿಮೆ ಅಂತ ಬಂದರೆ ಬಿ12 ತೆಗೆದುಕೊಳ್ಳುವುದೇ ಸರಿ.

ಆದರೆ ಸೂಜಿ ಬೇಡ. "ಸುಸ್ತು ಡಾಕ್ಟ್ರೇ, ಒಂದು ಶಕ್ತಿ ಸೂಜಿ ಹಾಕಿ" ಅಂತ ಕೇಳುವುದು ನಮ್ಮೂರುಗಳಲ್ಲಿ ಮಾಮೂಲು. ಸ್ನಾಯುವಿಗೆ ಚುಚ್ಚುವ ಸೂಜಿಯಿಂದ, ಐಎನ್‌ಆರ್ ಏರಿರುವಾಗಲಂತೂ, ಒಳಗೇ ರಕ್ತ ಸೋರಿ ತೊಡೆಯಲ್ಲೋ ಚಪ್ಪೆಯಲ್ಲೋ ಗಡ್ಡೆ ಕಟ್ಟಬಹುದು. ಬಿ12ಗೆ ಮಾತ್ರೆ ಇದೆ. ವಿಟಮಿನ್ ಡಿಗೂ ಅಷ್ಟೇ: 6 ಲಕ್ಷ ಯೂನಿಟ್‌ನ ಸೂಜಿ ಸ್ನಾಯುವಿಗೇ ಹಾಕುವಂಥದ್ದು, ಅದರ ಬದಲು ಬಾಯಲ್ಲಿ ತೆಗೆದುಕೊಳ್ಳುವುದಿದೆ. ಸೂಜಿಯೇ ಆಗಬೇಕು ಅನ್ನುವ ಸಂದರ್ಭವಿದ್ದರೆ, ಯಾವ ಸೂಜಿಯೇ ಆಗಲಿ, ಚುಚ್ಚುವ ಮುಂಚೆ ನೀವು ಯಾವ ಮಾತ್ರೆ ಮೇಲಿದ್ದೀರಿ ಅಂತ ಬಾಯಿಬಿಟ್ಟು ಹೇಳಿ.

ವಿಟಮಿನ್ ಡಿ: ವಾರಕ್ಕೊಮ್ಮೆ 60,000 ಯೂನಿಟ್ ಅಂತ ಡಾಕ್ಟರ್ ಬರೆದಿದ್ದರೆ ಹಾಗೇ ತೆಗೆದುಕೊಳ್ಳಬಹುದು. ಬರೀ ಡಿ3 ಇರುವುದನ್ನು ಕೇಳಿ ತನ್ನಿ. ಡಿ3 ಜೊತೆ ಕೆ2 ಸೇರಿಸಿದ್ದೂ ಬರುತ್ತದೆ. ದಿನಾ 60,000 ನುಂಗಿ ಯಡವಟ್ಟು ಮಾಡಿಕೊಂಡವರೂ ಇದ್ದಾರೆ, ಚೀಟಿ ಸರಿಯಾಗಿ ಓದಿ.

ವಿಟಮಿನ್ ಸಿ: ಚೀಪುವ 500 ಮಿಲಿಗ್ರಾಂ ಮಾತ್ರೆ ಒಂದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದಿನಕ್ಕೆ ಗ್ರಾಂಗಟ್ಟಲೆ ತೆಗೆದುಕೊಂಡವರಲ್ಲಿ ಐಎನ್‌ಆರ್ ಇಳಿದ ಉದಾಹರಣೆಗಳಿವೆ.

ವಿಟಮಿನ್ ಇ: ಇದೊಂದನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಕೂದಲಿಗೆ, ಚರ್ಮಕ್ಕೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೆ, ಎಲ್ಲದಕ್ಕೂ ನಮ್ಮಲ್ಲಿ ಇದೇ. ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 15 ಮಿಲಿಗ್ರಾಂ. ಎವಿಯಾನ್ 400ರ ಒಂದು ಕ್ಯಾಪ್ಸುಲ್‌ನಲ್ಲಿ 400 ಮಿಲಿಗ್ರಾಂ ಇರುತ್ತದೆ. ಇಷ್ಟು ಪ್ರಮಾಣದಲ್ಲಿ ಅದು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಕಡಿಮೆ ಮಾಡಬಹುದು, ವಿಟಮಿನ್ ಕೆ ಕೆಲಸಕ್ಕೂ ಅಡ್ಡ ಬರಬಹುದು. ರಕ್ತಸ್ರಾವದ ಅಪಾಯ ಏರುತ್ತದೆ. ಪ್ಲೇಟ್‌ಲೆಟ್ ಮೇಲಾಗುವ ಪರಿಣಾಮ ಐಎನ್‌ಆರ್‌ನಲ್ಲಿ ಕಾಣುವುದೂ ಇಲ್ಲ. "ಐಎನ್‌ಆರ್ ಸರಿಯಾಗೇ ಇದೆಯಲ್ಲ" ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ. ಇಕೋಸ್ಪ್ರಿನ್, ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಕ್ಯಾಪ್ಸುಲ್ ಚುಚ್ಚಿ ಮುಖಕ್ಕೆ ಹಚ್ಚಿಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಕಬ್ಬಿಣದ ಮಾತ್ರೆ: ರಕ್ತ ಕಡಿಮೆ ಇದ್ದರೆ ಬೇಕೇ ಬೇಕು. ಆದರೆ ರಕ್ತ ಯಾಕೆ ಕಡಿಮೆಯಾಯಿತು ಅಂತ ಮೊದಲು ಕೇಳಿ. ಈ ಮಾತ್ರೆಗಳ ಮೇಲಿರುವವರಲ್ಲಿ ಹೊಟ್ಟೆಯೊಳಗೆ ಸಣ್ಣಗೆ ರಕ್ತ ಸೋರುತ್ತಿದ್ದರೂ ಹಾಗಾಗುತ್ತದೆ. ಇನ್ನೊಂದು ಕಷ್ಟ ಅಂದರೆ, ಕಬ್ಬಿಣ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ. ಹೊಟ್ಟೆಯಲ್ಲಿ ರಕ್ತ ಹೋದರೂ ಮಲ ಕಪ್ಪಾಗುತ್ತದೆ. ವ್ಯತ್ಯಾಸ ಗುರುತಿಸಲು ಒಂದು ದಾರಿ ಇದೆ. ಕಬ್ಬಿಣದಿಂದ ಆದದ್ದು ಕಡು ಹಸಿರು ಮಿಶ್ರಿತ ಕಪ್ಪು, ಮಾಮೂಲಿನಂತೆ ಗಟ್ಟಿ. ರಕ್ತದಿಂದ ಆದದ್ದು ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟುತ್ತದೆ, ನೀರು ಹಾಕಿದರೂ ಬೇಗ ಹೋಗುವುದಿಲ್ಲ, ವಾಸನೆಯೂ ಬೇರೆ ಥರ ಕೆಟ್ಟದಾಗಿರುತ್ತದೆ. ಅನುಮಾನ ಬಂದರೆ ಕಾಯಬೇಡಿ, ಅದೇ ದಿನ ತೋರಿಸಿ.

ನಾಲ್ಕನೇ ಹೆಜ್ಜೆ: ವಿಟಮಿನ್ ಅಲ್ಲದ "ವಿಟಮಿನ್"ಗಳು

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ಇದ್ದರೆ ಅದು ಆಹಾರದ ಲೆಕ್ಕದಲ್ಲಿ ಮಾರುತ್ತಿರುವ ಸರಕು. ಚೀಟಿ ಇಲ್ಲದೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಆಹಾರ ಅಂದಮಾತ್ರಕ್ಕೆ ನಿಮ್ಮ ಮಾತ್ರೆಯ ಜೊತೆ ಹೊಂದಿಕೊಳ್ಳುತ್ತದೆ ಅಂತಲ್ಲ.

ಅರಿಶಿನ ಮೊದಲ ಉದಾಹರಣೆ. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಡಿ. ಕರ್ಕ್ಯುಮಿನ್ ಅಂತ ಬರುವ ಗಟ್ಟಿ ಸಾರದ ಕ್ಯಾಪ್ಸುಲ್ ಬೇರೆಯೇ. ಅದಕ್ಕೆ ಕಾಳುಮೆಣಸಿನ ಸಾರ ಬೇರೆ ಸೇರಿಸಿರುತ್ತಾರೆ, ದೇಹ ಚೆನ್ನಾಗಿ ಹೀರಿಕೊಳ್ಳಲಿ ಅಂತ. ವಾರ್ಫರಿನ್ ಮೇಲಿದ್ದ ಒಬ್ಬರು ಅರಿಶಿನದ ಪೂರಕ ಶುರು ಮಾಡಿದ ಮೇಲೆ ಅವರ ಐಎನ್‌ಆರ್ 10 ದಾಟಿತು ಅಂತ ನ್ಯೂಜಿಲೆಂಡ್‌ನ ಔಷಧ ಸುರಕ್ಷತಾ ಸಂಸ್ಥೆ ಮೆಡ್‌ಸೇಫ್ 2018ರಲ್ಲಿ ಎಚ್ಚರಿಸಿತ್ತು.

ಮಂಡಿನೋವಿಗೆ ಕೊಡುವ ಗ್ಲುಕೋಸಮೈನ್ ಐಎನ್‌ಆರ್ ಏರಿಸಬಹುದು. ನೆನಪಿನ ಶಕ್ತಿಗೆ ಅಂತ ಬರುವ ಗಿಂಕೋ, ಬೆಳ್ಳುಳ್ಳಿ ಸಾರದ ಕ್ಯಾಪ್ಸುಲ್, ಹೆಚ್ಚು ಪ್ರಮಾಣದ ಮೀನೆಣ್ಣೆ ರಕ್ತಸ್ರಾವದ ಕಡೆ ಎಳೆಯಬಹುದು. ಜಿನ್ಸೆಂಗ್ ಮತ್ತು ಕೋಎನ್‌ಜೈಮ್ ಕ್ಯೂ10 ಉಲ್ಟಾ, ಐಎನ್‌ಆರ್ ಇಳಿಸಬಹುದು. ದಿನಾ ಚುರುಕಾಗಿರಲು ಅಂತ ಮಾರುವ ರಿವೈಟಲ್‌ನಂಥ ಕ್ಯಾಪ್ಸುಲ್‌ಗಳಲ್ಲಿ ಜಿನ್ಸೆಂಗ್ ಇರುತ್ತದೆ. ನುಗ್ಗೆಸೊಪ್ಪಿನ ಪುಡಿ, ಗೋಧಿಹುಲ್ಲಿನ ಪುಡಿಗಳು ಸೊಪ್ಪನ್ನೇ ಒಣಗಿಸಿ ಮಾಡಿದವು. ಒಂದು ಚಮಚದಲ್ಲಿ ಎಷ್ಟು ಸೊಪ್ಪು ಹಿಡಿಸಿದೆಯೋ, ಅಷ್ಟೂ ಸೊಪ್ಪಿನ ಕೆ ಅದರಲ್ಲಿರುತ್ತದೆ.

ಐದನೇ ಹೆಜ್ಜೆ: ಶುರು ಮಾಡುವ ಕ್ರಮ

ಬೇಕೇ ಬೇಕು ಅಂತ ಡಾಕ್ಟರ್ ಒಪ್ಪಿದ ಮೇಲೆ ಮಾಡಬೇಕಾದದ್ದು ಇಷ್ಟು.

ಒಂದು ಸಲಕ್ಕೆ ಒಂದೇ ಹೊಸದು. ಮೂರನ್ನು ಒಟ್ಟಿಗೆ ಶುರು ಮಾಡಿದರೆ ಐಎನ್‌ಆರ್ ಏರುಪೇರಾದಾಗ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಐಎನ್‌ಆರ್ ನೋಡಿ. ಆಮೇಲೆ ಐದರಿಂದ ಏಳು ದಿನಕ್ಕೆ ಇನ್ನೊಂದು, ಮತ್ತೆರಡು ವಾರ ಬಿಟ್ಟು ಮತ್ತೊಂದು. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದೇ ಅಂತಿಮ. ಮಾರನೇ ದಿನವೇ ಓಡಿಹೋಗಿ ಮಾಡಿಸಿದರೆ ಉಪಯೋಗವಿಲ್ಲ. ಹೆಪ್ಪುಗಟ್ಟಿಸುವ ಹಳೆಯ ಅಂಶಗಳು ರಕ್ತದಲ್ಲಿ ಎರಡು ಮೂರು ದಿನ ಉಳಿದಿರುತ್ತವೆ, ಪೂರ್ತಿ ಪರಿಣಾಮ ಕಾಣಲು ಅಷ್ಟು ಸಮಯ ಬೇಕು. ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯ ಮಾತ್ರೆಯೊಳಗೆ ಡಾಕ್ಟರಿಗೆ ಕೇಳಿ ಡೋಸ್ ಸರಿಮಾಡಿಕೊಳ್ಳಬಹುದು.

ಮಾತ್ರೆ ಇಲ್ಲದ ಆರೋಗ್ಯವಂತರ ಐಎನ್‌ಆರ್ 1ರ ಆಸುಪಾಸು ಇರುತ್ತದೆ. ಬಡಿತ ಏರುಪೇರಾದವರಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ) ಲೋಹದ ಕವಾಟ ಇರುವವರಿಗೆ 2.5ರಿಂದ 3.5 ಗುರಿ. ನಿಮ್ಮ ಗುರಿ ಎಷ್ಟು ಅಂತ ಐಎನ್‌ಆರ್ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಪುಸ್ತಕದಲ್ಲಿ ತಾರೀಕು, ಐಎನ್‌ಆರ್, ಡೋಸ್ ಅಂತ ಮೂರು ಕಾಲಂ ಇರುತ್ತವೆ. ನಾಲ್ಕನೆಯದನ್ನು ನೀವೇ ಗೆರೆ ಎಳೆದು ಮಾಡಿಕೊಳ್ಳಿ: "ಹೊಸದೇನು". ಕ್ಯಾಲ್ಸಿಯಂ ಬ್ರ್ಯಾಂಡ್ ಬದಲಾಯಿತು, ಮೂರು ದಿನ ಭೇದಿ, ಜ್ವರಕ್ಕೆ ಆಂಟಿಬಯಾಟಿಕ್, ಶ್ರಾವಣದಲ್ಲಿ ಉಪವಾಸ, ಹೀಗೆ. ಊಟ ಬಿಟ್ಟರೂ ಭೇದಿಯಾದರೂ ಐಎನ್‌ಆರ್ ಏರಬಹುದು. ಆ ಕಾಲಂ ನೋಡಿದ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಕೆ ಇರುವ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡಿದ್ದೀರಿ ಅಂತ ಇವತ್ತು ಗೊತ್ತಾಯಿತು ಅನ್ನಿ. ಗಾಬರಿಯಿಂದ ಇವತ್ತೇ ನಿಲ್ಲಿಸಬೇಡಿ. ನಿಮ್ಮ ಅಸಿಟ್ರಾಮ್ ಡೋಸ್ ಆ ಕೆಗೆ ತಕ್ಕಂತೆ ಏರಿ ಕೂತಿರುತ್ತದೆ. ಕೆ ತಟ್ಟನೆ ನಿಂತರೆ ಅದೇ ಡೋಸ್ ಜಾಸ್ತಿಯಾಗಿ ರಕ್ತಸ್ರಾವ ಆಗಬಹುದು. ಡಾಕ್ಟರಿಗೆ ಫೋನ್ ಮಾಡಿ, ಐಎನ್‌ಆರ್ ದಿನ ಗೊತ್ತುಮಾಡಿಕೊಂಡು ಆಮೇಲೆ ನಿಲ್ಲಿಸಿ. ಮೀನೆಣ್ಣೆ, ಗ್ಲುಕೋಸಮೈನ್ ವಿಷಯದಲ್ಲೂ ಡಾಕ್ಟರಿಗೆ ತಿಳಿಸಿಯೇ ನಿಲ್ಲಿಸಿ. ಆಪರೇಷನ್‌ಗೋ ಹಲ್ಲು ಕೀಳಿಸಲೋ ಹೋಗುವಾಗ ಎರಡೂ ಡಬ್ಬಿ ಜೊತೆಗಿರಲಿ.

ಸೊಪ್ಪಿನ ಬಗ್ಗೆ ಎರಡು ಮಾತು

"ಅಸಿಟ್ರಾಮ್ ಶುರುವಾದ ಮೇಲೆ ಸೊಪ್ಪೇ ಬಿಟ್ಟೆ" ಅನ್ನುವವರು ಬಹಳ. ಹಾಗೆ ಬಿಡುವ ಅಗತ್ಯವಿಲ್ಲ, ಬಿಡಲೂಬಾರದು. ದೇಹದಲ್ಲಿ ಕೆ ತೀರಾ ಕಡಿಮೆಯಾದರೆ ಸಣ್ಣ ಏರುಪೇರಿಗೂ ಐಎನ್‌ಆರ್ ಕುಣಿಯುತ್ತದೆ. ಬೇಕಾಗಿರುವುದು ಒಂದು ಸಮ. ವಾರಕ್ಕೆ ಮೂರು ದಿನ ಮಸ್ಸೊಪ್ಪೋ ಬಸ್ಸಾರೋ ಮಾಡುವ ಮನೆಯಾದರೆ ಮೂರು ದಿನವೇ ಇರಲಿ. ತಿಂಗಳಿಡೀ ಮುಟ್ಟದೆ, ಹಿತ್ತಲಲ್ಲಿ ಬಸಳೆ ಹಬ್ಬಿತು ಅಂತ ವಾರಪೂರ್ತಿ ಅದನ್ನೇ ತಿನ್ನುವುದು ಬೇಡ. ಬಸ್ಸಾರಿನ ಕಟ್ಟು ಕುಡಿದರೆ ಚಿಂತೆ ಕಡಿಮೆ. ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ, ಬಹುಪಾಲು ಸೊಪ್ಪಿನಲ್ಲೇ ಉಳಿಯುತ್ತದೆ, ಅಂದರೆ ಪಲ್ಯದಲ್ಲಿ.

ತಡಮಾಡದೆ ಹೋಗಬೇಕಾದ ಸಂದರ್ಭಗಳು

ವಸಡಿನಿಂದಲೋ ಮೂಗಿನಿಂದಲೋ ಬರುವ ರಕ್ತ ಹತ್ತು ಹದಿನೈದು ನಿಮಿಷ ಒತ್ತಿಹಿಡಿದರೂ ನಿಲ್ಲದಿದ್ದರೆ, ಮೂತ್ರ ಕೆಂಪಾದರೆ, ಮಲ ಡಾಂಬರಿನಂತಾದರೆ, ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಬಂದರೆ, ಪೆಟ್ಟೇ ಇಲ್ಲದೆ ಮೈಮೇಲೆ ನೀಲಿ ಕಲೆಗಳು ಎದ್ದರೆ, ಮುಟ್ಟಿನ ಸ್ರಾವ ಹಿಂದೆಂದೂ ಇಲ್ಲದಷ್ಟು ಆದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡೆಯಲಾರದ ತಲೆನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ತಲೆಗೆ ಪೆಟ್ಟು ಬಿದ್ದಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಹೋಗಲೇಬೇಕು.

ಹೆಪ್ಪುಗಟ್ಟಿದ್ದರ ಲಕ್ಷಣ ಬೇರೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಏಕಾಏಕಿ ಉಸಿರು ಕಟ್ಟುವುದು. ಲೋಹದ ಕವಾಟ ಇರುವವರಿಗೆ ಇನ್ನೂ ಒಂದು ಗುರುತಿದೆ. ರಾತ್ರಿ ಮಲಗಿದಾಗ ಎದೆಯಿಂದ ಕೇಳುವ ಟಿಕ್ ಟಿಕ್ ಸದ್ದು ನಿಮಗೂ ಪಕ್ಕದಲ್ಲಿರುವವರಿಗೂ ಅಭ್ಯಾಸವಾಗಿರುತ್ತದೆ. ಅದು ಮಂಕಾದರೆ, ಕೇಳದೇ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಬಂದವರಿಗೆ ಮೊದಲು ಹೇಳಬೇಕಾದದ್ದು ಎರಡು: ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಕೊನೆಯದನ್ನು ನುಂಗಿದ್ದು ಎಷ್ಟು ಗಂಟೆಗೆ.